ಗುದ್ದಲಿ ಊರಿಕೊಂಡು ನಿಂತವರು: ಬರಗಾಲದ ಕೆಲಸಕ್ಕೆ ಕೊಟ್ಟ ರೊಕ್ಕ ದಂಡವಾ?

ಬದು_ಕಾಯಕ, ಶಹಾಪುರ ತಾಲೂಕು

ಎಲ್ಲರಿಗೂ ಶರಣು. ನಾನು ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧು. ಹಾಜರಿ ತೆಗೆಯುವುದು, ಅಳತೆಗೆ ಗುರುತು ಹಾಕುವುದು, ನೀರು ನೆರಳು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಹೋದ ವಾರ ನಾವು ಬದು ಹಾಕುತ್ತಿದ್ದ ಹೊಲದ ಪಕ್ಕ ಯಾರೋ ಕಾರು ನಿಲ್ಲಿಸಿ ಫೋಟೋ ಹೊಡೆದುಕೊಂಡು ಹೋದರು. ಸಂಜೆ ಅದು ನಮ್ಮೂರ ವಾಟ್ಸಾಪ್ ಗುಂಪಿಗೆ ಬಂತು. ಇಬ್ಬರು ಹೆಂಗಸರು ಗುದ್ದಲಿ ಊರಿಕೊಂಡು ನಿಂತಿದ್ದಾರೆ. ಕೆಳಗೆ ‘ನಮ್ಮ ತೆರಿಗೆ ರೊಕ್ಕ ಇಲ್ಲಿ ದಣಿವಾರಿಸಿಕೊಳ್ಳುತ್ತಿದೆ’ ಅಂತ ಬರೆದು ನಗುವ ಚಿತ್ರ ಹಾಕಿದ್ದರು. ಆ ಇಬ್ಬರು ಬೆಳಿಗ್ಗೆ ಆರಕ್ಕೇ ಬಂದವರು. ಫೋಟೋ ಹೊಡೆದಾಗ ಹನ್ನೊಂದೂವರೆ. ನಮ್ಮ ಕಡೆ ಮೇ ತಿಂಗಳಿನ ಹನ್ನೊಂದೂವರೆ ಅಂದರೆ ಏನು ಅಂತ ಈ ಗುಂಪಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಸಿಟ್ಟಿಗೆ ನಿದ್ದೆ ಬರಲಿಲ್ಲ. ಬೇರೆ ದೇಶದಲ್ಲೂ ಹೀಗೇನಾ ಅಂತ ಹುಡುಕಿ ಓದಿದೆ. 1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರು ಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಆ ವರ್ಷ ಮಾರ್ಚ್ 4ಕ್ಕೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್ವೆಲ್ಟ್ ‘ನ್ಯೂ ಡೀಲ್’ ಅಂತ ಸಾಲು ಸಾಲು ಯೋಜನೆ ತಂದರು. ಅದರಲ್ಲಿ ಕೆಲಸ ಇಲ್ಲದವರಿಗೆ ಸರ್ಕಾರಿ ಕಾಮಗಾರಿ ಕೊಡುವ ಡಬ್ಲ್ಯುಪಿಎ ಅಂತ ಒಂದು, 1935ರದ್ದು. ಎಂಟು ವರ್ಷದಲ್ಲಿ ಸುಮಾರು 85 ಲಕ್ಷ ಜನರಿಗೆ ಕೂಲಿ ಕೊಟ್ಟಿತು. ಅಲ್ಲೂ ಪೇಪರಿನವರು ಸಲಿಕೆ ಊರಿಕೊಂಡು ನಿಂತ ಕೂಲಿಯವರ ವ್ಯಂಗ್ಯಚಿತ್ರ ಹಾಕುತ್ತಿದ್ದರು! ಡಬ್ಲ್ಯುಪಿಎ ಅಂದರೆ ‘ವಿ ಪೋಕ್ ಅಲಾಂಗ್’, ‘ನಾವು ಆಮೆ ನಡಿಗೆಯವರು’ ಅನ್ನುವಂಥ ಅರ್ಥ ಕಟ್ಟಿ ನಗುತ್ತಿದ್ದರು. ಕೆಲಸಕ್ಕೆ ಬಾರದ ಸರ್ಕಾರಿ ಕಾಮಗಾರಿಗೆ ‘ಬೂನ್‌ಡಾಗಲ್’ ಅನ್ನುವ ಮಾತು ಚಾಲ್ತಿಗೆ ಬಂದದ್ದೂ ಆಗಲೇ.

ಹಾಗಾದರೆ ಕೇಳುತ್ತೇನೆ, ಓದಿದವರು ಹೇಳಿ. ಆ ರೊಕ್ಕ ದಂಡವಾಯಿತಾ? ಅಲ್ಲಿಯವರು ಏನು ಕಲಿತರು, ನಾವೇನು ಕಲಿಯಬಹುದು?

ಲೈಬ್ರರಿ_ಹುಡುಗ, ಕಲಬುರಗಿ

ಅಣ್ಣಾ, ಪರೀಕ್ಷೆಗೆ ಇದನ್ನೇ ಓದುತ್ತಿದ್ದೇನೆ. ಡಬ್ಲ್ಯುಪಿಎ ಮುಗಿದಾಗ ಲೆಕ್ಕ ಹೀಗಿತ್ತು: ಹೊಸದಾಗಿ ಮಾಡಿದ್ದು, ರಿಪೇರಿ ಮಾಡಿದ್ದು ಸೇರಿ ಹತ್ತು ಲಕ್ಷ ಕಿಲೋಮೀಟರ್ ರಸ್ತೆ, 75,000ಕ್ಕೂ ಜಾಸ್ತಿ ಸೇತುವೆ, ಶಾಲೆ ಆಸ್ಪತ್ರೆ ಎಲ್ಲ ಹಿಡಿದು ಲಕ್ಷಕ್ಕೂ ಮೀರಿದ ಕಟ್ಟಡ. ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣ ಕಟ್ಟಿದ್ದರಲ್ಲೂ ಈ ‘ಆಮೆ ನಡಿಗೆ’ಯವರ ಕೈ ಇದೆ.

ನನಗೆ ಬಹಳ ಹಿಡಿಸಿದ್ದು ಕೆಂಟಕಿ ಬೆಟ್ಟದ ಕಥೆ. ಅಲ್ಲಿ ರಸ್ತೆಯೇ ಇಲ್ಲ. ಹೆಂಗಸರಿಗೆ ಪಗಾರ ಕೊಟ್ಟು, ಕುದುರೆ, ಹೇಸರಗತ್ತೆ ಮೇಲೆ ಪುಸ್ತಕ ಹೇರಿಸಿ ಮನೆ ಮನೆಗೆ ಕಳಿಸಿದರು. ಇದೂ ಬರಗಾಲದ ಕೆಲಸವೇ. ಇನ್ನೊಂದು ಕಡೆ, ಗುಲಾಮರಾಗಿ ಹುಟ್ಟಿ ಆಗಿನ್ನೂ ಬದುಕಿದ್ದ ಎರಡು ಸಾವಿರಕ್ಕೂ ಹೆಚ್ಚು ಮುದುಕ ಮುದುಕಿಯರನ್ನು ಮಾತಾಡಿಸಿ ಬರೆದಿಟ್ಟುಕೊಂಡರು. ಕೆಲಸ ಕಳೆದುಕೊಂಡ ಬರಹಗಾರರಿಗೆ ಕೊಟ್ಟ ಕೂಲಿ ಅದು. ಅವರು ಬರೆದಿಡದಿದ್ದರೆ ಆ ಮಾತೆಲ್ಲ ಆ ಮುದುಕರ ಜೊತೆಗೇ ಹೋಗುತ್ತಿತ್ತು.

ಗಂಜ್_ಅಡತಿ

ಹುಡುಗರೇ, ನಾನು ನೆಹರು ಗಂಜ್‌ನಲ್ಲಿ ಮೂವತ್ತು ವರ್ಷದಿಂದ ತೊಗರಿ ವ್ಯಾಪಾರ ಮಾಡುತ್ತಿರುವವನು. ಪುಸ್ತಕದ ಹೊಗಳಿಕೆ ಕೇಳಿದರೆ ನನಗೆ ತೂಕದ ಕಲ್ಲು ನೆನಪಾಗುತ್ತದೆ. ಇನ್ನೊಂದು ತಟ್ಟೆಯಲ್ಲಿ ಏನಿದೆ ಅಂತಲೂ ನೋಡಬೇಕಲ್ವಾ?

1933ರಲ್ಲಿ ಎನ್‌ಆರ್‌ಎ ಅಂತ ಒಂದು ಮಾಡಿದರು. ಪ್ರತಿ ಧಂದೆಗೂ ದರ ಪಟ್ಟಿ. ಕಡಿಮೆ ದರಕ್ಕೆ ಮಾರಿದರೆ ತಪ್ಪು. ನ್ಯೂಜೆರ್ಸಿಯಲ್ಲಿ ಜೇಕಬ್ ಮ್ಯಾಗೆಡ್ ಅಂತ ಒಬ್ಬ ಟೇಲರ್ ಇದ್ದ. ಸೂಟಿಗೆ ಇಸ್ತ್ರಿ ಹಾಕಲು 40 ಸೆಂಟ್ ತೆಗೆದುಕೊಳ್ಳಬೇಕಿತ್ತು, ಇವನು 35 ತೆಗೆದುಕೊಂಡ. 1934ರಲ್ಲಿ ಅವನನ್ನು ಜೈಲಿಗೆ ಹಾಕಿದರು. ಐದು ಸೆಂಟ್ ಅಗ್ಗ ಮಾಡಿದ್ದಕ್ಕೆ! ಕೂಗಾಟವಾದ ಮೇಲೆ ಬಿಟ್ಟರು ಬಿಡಿ. ಕೊನೆಗೆ 1935ರ ಮೇ ತಿಂಗಳಲ್ಲಿ ಬ್ರೂಕ್ಲಿನ್ನಿನ ಕೋಳಿ ವ್ಯಾಪಾರಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನೇ ಹೊಡೆದುಹಾಕಿತು.

ಬಂಗಾರದ ಕಥೆ ಇನ್ನೂ ಚಂದ. 1933ರ ಏಪ್ರಿಲ್‌ನಲ್ಲಿ ಜನರ ಹತ್ತಿರ ಇರುವ ಬಂಗಾರದ ನಾಣ್ಯ, ಗಟ್ಟಿ ಎಲ್ಲ ತಂದು ಕೊಡಿ ಅಂದರು. ಔನ್ಸಿಗೆ 20 ಡಾಲರ್ 67 ಸೆಂಟ್ ಕೊಟ್ಟರು. ಎಲ್ಲ ಒಳಗೆ ಬಂದ ಮೇಲೆ 1934ರ ಜನವರಿಯಲ್ಲಿ ದರ 35 ಡಾಲರ್ ಅಂತ ಸಾರಿದರು. ಇದನ್ನು ನಮ್ಮ ಗಂಜ್‌ನಲ್ಲಿ ಯಾರಾದರೂ ಮಾಡಿದ್ದರೆ ಏನು ಅನ್ನುತ್ತಿದ್ದಿರಿ?

ಇನ್ನು ಕೆಲಸದ ಮಾತು. 1937ರಲ್ಲಿ ಖರ್ಚು ಕಡಿಮೆ ಮಾಡಿದ್ದೇ ತಡ, ನಿರುದ್ಯೋಗ ಮತ್ತೆ ಏರಿತು. 14 ಪ್ರತಿಶತ ಇದ್ದದ್ದು ಮರುವರ್ಷ 19ರ ಹತ್ತಿರ. ಪೂರ್ತಿ ಇಳಿದದ್ದು ಎರಡನೇ ಮಹಾಯುದ್ಧದ ತಯಾರಿ ಶುರುವಾದ ಮೇಲೆ. ನಾಲ್ಕು ದಿನ ತಡೆದಿದ್ದರೆ ಪೇಟೆ ತಾನೇ ಸರಿಹೋಗುತ್ತಿತ್ತು ಅನ್ನುವವರೂ ಇದ್ದಾರೆ.

ಬಿದರಿ_ಅಕ್ಕ, ಬೀದರ್

ಸಾವಕಾರ್ರೇ, ನಾಲ್ಕು ದಿನ ಅಂದಿರಲ್ಲ, ಆ ನಾಲ್ಕು ದಿನ ಯಾರ ಮನೆಯ ಒಲೆ ಉರಿಯಬಾರದು? ಪರಿಹಾರದ ಕೆಲಸ ನೋಡಿಕೊಳ್ಳುತ್ತಿದ್ದ ಹ್ಯಾರಿ ಹಾಪ್ಕಿನ್ಸ್‌ಗೂ ಒಬ್ಬರು ಹೀಗೇ, ಕಾಲ ಕಳೆದರೆ ಎಲ್ಲ ಸರಿಯಾಗುತ್ತದೆ ಅಂದರಂತೆ. ಜನ ಊಟ ಮಾಡುವುದು ದಿನಾಲೂ ಅಂತ ಆತ ಉತ್ತರ ಕೊಟ್ಟನಂತೆ. ಅದೇ ಮನುಷ್ಯ ಕುರ್ಚಿಯಲ್ಲಿ ಕೂತ ಮೊದಲ ಎರಡು ತಾಸಿನಲ್ಲೇ 50 ಲಕ್ಷ ಡಾಲರ್ ರಾಜ್ಯಗಳಿಗೆ ಕಳಿಸಿದ. ಮೇಜು ಬರುವ ತನಕವೂ ಕಾಯಲಿಲ್ಲ ಅಂತ ಹೇಳುತ್ತಾರೆ.

ನಮ್ಮವ್ವನ ತವರು ಉದಗೀರ್ ಕಡೆ. 1972ರ ಬರದಲ್ಲಿ ಆಕೆ ರಸ್ತೆ ಬದಿ ಖಡಿ ಒಡೆದವಳು. ಕೈಗೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದರಂತೆ. ಮಧ್ಯಾಹ್ನ ಸುಕಡಿ ಕೊಡುತ್ತಿದ್ದರು. ರೇಷನ್ನಿಗೆ ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳ. ರೊಟ್ಟಿ ಬಡಿದರೆ ಒಡೆದು ಹೋಗುತ್ತಿತ್ತು, ಬಾಯಿಗೆ ರುಚಿ ಇಲ್ಲ, ಆದರೂ ತಿಂದೆವು ಅನ್ನುತ್ತಾಳೆ. ಆಗಿನ ಆ ಕೆಲಸಗಳಿಂದಲೇ ಮಹಾರಾಷ್ಟ್ರದಲ್ಲಿ 1977ರ ಉದ್ಯೋಗ ಖಾತ್ರಿ ಕಾಯ್ದೆ ಬಂತು. ಅಲ್ಲಿಂದ 2005ರಲ್ಲಿ ಇಡೀ ದೇಶಕ್ಕೆ. 2006ರ ಫೆಬ್ರವರಿಯಲ್ಲಿ ಮೊದಲ 200 ಜಿಲ್ಲೆ ಆರಿಸಿದಾಗ ಅದರಲ್ಲಿ ನಮ್ಮ ಬೀದರ್ ಇತ್ತು, ಗುಲ್ಬರ್ಗಾ ಇತ್ತು. ಯಾದಗಿರಿ ಆಗ ಗುಲ್ಬರ್ಗಾದಲ್ಲೇ. ಯಾವುದರಲ್ಲೂ ಮೊದಲು ಬರದ ನಾವು ಅದರಲ್ಲಿ ಮೊದಲ ಪಟ್ಟಿಗೇ ಬಂದೆವು. ಅಂಥದ್ದಕ್ಕೆ ನಗಬೇಕೋ ಅಳಬೇಕೋ.

ಪರ್ಸಿ_ಕಲ್ಲು, ಶಹಾಬಾದ್

ನಡುವೆ ಬಾಯಿ ಹಾಕುತ್ತಿದ್ದೇನೆ. ಆ ಫೋಟೋ ಹೊಡೆದವನನ್ನು ನಮ್ಮ ಕಲ್ಲಿನ ಖಣಿಗೆ ಒಂದು ದಿನ ಕಳಿಸಿ. ಹನ್ನೊಂದೂವರೆಗೆ ಅವನ ಫೋಟೋ ನಾನು ಹೊಡೆಯುತ್ತೇನೆ.

ಹಳೆ_ಮಾಸ್ತರ, ಕಲಬುರಗಿ

ಚರ್ಚೆ ಚೆನ್ನಾಗಿದೆ. ಪಾಠ ಮಾಡುವ ಚಟ ನಿವೃತ್ತಿಯಾದರೂ ಹೋಗಿಲ್ಲ, ಸ್ವಲ್ಪ ಉದ್ದ ಬರೆಯುತ್ತೇನೆ, ತಡೆದುಕೊಳ್ಳಿ.

ಅಮೆರಿಕದಲ್ಲಿ ಕುಸಿತವಾದಾಗ ನಮ್ಮ ಹೊಲಗಳಿಗೂ ಅದು ಬಂತು. ನಾವಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಇದ್ದೆವು. ಚಲಾವಣೆಯಲ್ಲಿದ್ದದ್ದು ಹಾಲಿ ಸಿಕ್ಕಾ ಅನ್ನುವ ಅವರದೇ ನಾಣ್ಯ. ಆದರೆ ಹತ್ತಿ, ಎಣ್ಣೆಕಾಳಿನ ಧಾರಣೆ ತೀರ್ಮಾನವಾಗುತ್ತಿದ್ದದ್ದು ಹೊರಗಿನ ಪೇಟೆಯಲ್ಲಿ. 1929ರಿಂದ ಮೂರ‍್ನಾಲ್ಕು ವರ್ಷದಲ್ಲಿ ಹಿಂದೂಸ್ತಾನದಲ್ಲಿ ಬೆಳೆಯ ದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕಂದಾಯ ಮಾತ್ರ ಇಳಿಯಲಿಲ್ಲ, ಸಾವಕಾರನ ಬಡ್ಡಿಯೂ ಇಳಿಯಲಿಲ್ಲ. ಎರಡೂ ರೊಕ್ಕದಲ್ಲೇ ಕಟ್ಟಬೇಕು. ಅಂದರೆ ಮೊದಲು ಒಂದು ಚೀಲ ಮಾರಿ ಕಟ್ಟುತ್ತಿದ್ದ ಕಂದಾಯಕ್ಕೆ ಈಗ ಎರಡು ಚೀಲ. ನಮ್ಮಜ್ಜಿಯ ಬೋರಮಾಳ ಸರ ಹೋದದ್ದು ಹಾಗೆ. ಅಜ್ಜಿ ಸಾಯುವ ತನಕ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅದೊಂದೇ ಸರ ಅಲ್ಲ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ನೋಟಿಗೆ ಬಂಗಾರದ ಆಧಾರ ಇಡುವ ಪದ್ಧತಿ ಬಿಟ್ಟಿತು, ಬಂಗಾರದ ದರ ಏರಿತು. ಹಳ್ಳಿಗಳ ಒಡವೆ ಕರಗಿ ಮುಂಬೈ ಬಂದರಿನಿಂದ ಹಡಗು ಹತ್ತಿತು. ಗಂಜ್ ಸಾವಕಾರರು ರೂಸ್ವೆಲ್ಟ್ ಬಂಗಾರ ತೆಗೆದುಕೊಂಡ ಅಂದರು. ನಿಜ. ಆದರೆ ಆ ಸರ್ಕಾರ ಬಲಗೈಯಲ್ಲಿ ಬಂಗಾರ ತೆಗೆದುಕೊಂಡರೆ ಎಡಗೈಯಲ್ಲಿ ಕೂಲಿ ಕೊಟ್ಟಿತು. ನಮ್ಮಜ್ಜಿಗೆ ಎಡಗೈ ಕಾಣಲೇ ಇಲ್ಲ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಬರಗಾಲದ ಕೆಲಸ ಹೊಸದಲ್ಲ. 1876–78ರ ಬರ, ಹಳಬರು ಧಾತು ವರ್ಷದ ಬರ ಅನ್ನುತ್ತಾರಲ್ಲ, ಆಗಲೂ ಬ್ರಿಟಿಷರು ಕಾಮಗಾರಿ ತೆರೆದಿದ್ದರು. ಆದರೆ ಉದ್ದೇಶ ಬೇರೆ. ನಿಜವಾಗಿ ಹಸಿದವನು ಮಾತ್ರ ಬರಲಿ ಅಂತ ಕೆಲಸ ಕಠಿಣ, ಕೂಲಿ ಕಡಿಮೆ. 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಅಂದರೆ ಅರ್ಧ ಕಿಲೋಗೂ ಕಡಿಮೆ, ಮೇಲೆ ಒಂದಾಣೆ ಸಾಕು ಅಂತ ಇಳಿಸಿದರು. ಅದು ಹಸಿವಿಗೆ ಇಟ್ಟ ಪರೀಕ್ಷೆ. ಹಾಪ್ಕಿನ್ಸ್ ಬೇಡ ಅಂದದ್ದು ಇದನ್ನೇ. ಮನೆಗೆ ಬಂದು ಡಬ್ಬಿ ತೆಗೆದು ನೋಡಿ ನೀನು ಬಡವನೋ ಅಲ್ಲವೋ ಅಂತ ತೀರ್ಮಾನ ಮಾಡುವುದು ಆತನಿಗೆ ಸೇರುತ್ತಿರಲಿಲ್ಲ. ಕೆಲಸ ಕೊಡು, ಪೇಟೆಯ ಕೂಲಿ ಕೊಡು, ಅವನು ತಲೆ ಎತ್ತಿ ಮನೆಗೆ ಹೋಗಲಿ. ಆ ವಾಟ್ಸಾಪ್ ಫೋಟೋ ಇದೆಯಲ್ಲ, ಅದು ಟೆಂಪಲ್ ಸಾಹೇಬನ ಕಣ್ಣು.

ಬದು_ಕಾಯಕ

ಮಾಸ್ತರೇ, ಆ ಕೊನೆಯ ಮಾತನ್ನು ನಮ್ಮ ಗುಂಪಿಗೆ ಕಳಿಸಲಾ? ನಿಮ್ಮ ಹೆಸರು ಹಾಕುವುದಿಲ್ಲ.

ಹಳೆ_ಮಾಸ್ತರ

ಕಳಿಸಪ್ಪಾ. ಜಗಳ ಬಂದರೆ ನನ್ನ ಕಡೆ ಕಳಿಸು.

ಗುಳೆ_ಪುಣೆ, ಯಾದಗಿರಿ ತಾಂಡಾ

ಅಣ್ಣಾ, ನಾನು ಪುಣೆಯಲ್ಲಿ ಸೆಂಟ್ರಿಂಗ್ ಕೆಲಸದಲ್ಲಿ ಇದ್ದೇನೆ. ಊಟದ ಹೊತ್ತಿನಲ್ಲಿ ಎಲ್ಲ ಓದಿದೆ. ಹುಡುಗರಿಗೆ ಏನೂ ಇರಲಿಲ್ಲವಾ ಅಲ್ಲಿ?

ಲೈಬ್ರರಿ_ಹುಡುಗ

ಇತ್ತು ಅಣ್ಣಾ. ಸಿಸಿಸಿ ಅಂತ, 1933ರದ್ದು. 18ರಿಂದ 25 ವಯಸ್ಸಿನ, ಮದುವೆಯಾಗದ ಹುಡುಗರಿಗೆ. ಕಾಡಿನಲ್ಲಿ ಕ್ಯಾಂಪ್ ಹಾಕಿ ಗಿಡ ನೆಡುವುದು, ಬೆಂಕಿ ಆರಿಸುವುದು, ಉದ್ಯಾನದ ದಾರಿ ಮಾಡುವುದು. ತಿಂಗಳಿಗೆ 30 ಡಾಲರ್. ಅದರಲ್ಲಿ 25 ನೇರವಾಗಿ ಮನೆಗೆ ಹೋಗುತ್ತಿತ್ತು, ಹುಡುಗನ ಕೈಗೆ ಐದು. ಒಂಬತ್ತು ವರ್ಷದಲ್ಲಿ ಸುಮಾರು 30 ಲಕ್ಷ ಹುಡುಗರು ಹೋಗಿಬಂದರು, 300 ಕೋಟಿ ಗಿಡ ನೆಟ್ಟರು. ಕಪ್ಪು ಹುಡುಗರಿಗೆ ಮಾತ್ರ ಬೇರೆ ಕ್ಯಾಂಪು. ಅದೊಂದು ಕಳಂಕ ಉಳಿಯಿತು.

ಗುಳೆ_ಪುಣೆ

30ರಲ್ಲಿ 25 ಮನೆಗೆ! ಇದನ್ನು ನಮ್ಮವ್ವನಿಗೆ ಹೇಳುವುದಿಲ್ಲ. ನಾಳೆಯಿಂದಲೇ ಹಾಗೆ ಮಾಡು ಅಂತಾಳೆ.

ಗಂಜ್_ಅಡತಿ

ಮಾಸ್ತರ ಮಾತಿಗೆ ತಲೆ ಬಾಗುತ್ತೇನೆ. ಆದರೆ ರೈತರ ವಿಷಯ ಯಾರೂ ಎತ್ತಲಿಲ್ಲ. ಅದರಲ್ಲೇ ಅವರು ಜಾಸ್ತಿ ಎಡವಿದ್ದು. ಧಾರಣೆ ಏರಬೇಕು ಅಂತ 1933ರಲ್ಲಿ ಬೆಳೆದು ನಿಂತ ಹತ್ತಿಯನ್ನು ಒಂದು ಕೋಟಿ ಎಕರೆಯಷ್ಟು ಉತ್ತು ಮಣ್ಣುಪಾಲು ಮಾಡಿಸಿದರು. 60 ಲಕ್ಷ ಹಂದಿಮರಿ ಕೊಂದರು. ಪಟ್ಟಣದಲ್ಲಿ ಜನ ರೊಟ್ಟಿಗೆ ಸಾಲು ನಿಂತಿದ್ದಾರೆ, ಇಲ್ಲಿ ಮಾಂಸ ಹೂಳುತ್ತಾರೆ. ಬೈಸಿಕೊಂಡ ಮೇಲೆ ಬುದ್ಧಿ ಬಂದು, ಉಳಿದ ಸರಕನ್ನು ಸರ್ಕಾರವೇ ಕೊಂಡು ಹಸಿದವರಿಗೆ ಹಂಚಲು ಒಂದು ನಿಗಮ ಮಾಡಿದರು.

ಹೇಳಿದ್ದಕ್ಕೆ ನ್ಯಾಯವಾಗಿ ಇದನ್ನೂ ಹೇಳುತ್ತೇನೆ: ಅದೇ ವರ್ಷ ಅಕ್ಟೋಬರಿನಲ್ಲಿ ಬೆಳೆ ಅಡವಿಟ್ಟು ಸಾಲ ಕೊಡುವ ಪದ್ಧತಿ ಬಂತು. ಧಾರಣೆ ಏರಿದರೆ ರೈತ ಮಾರಿ ಸಾಲ ತೀರಿಸಲಿ. ಏರದಿದ್ದರೆ ಬೆಳೆ ಸರ್ಕಾರಕ್ಕೆ, ಸಾಲ ಮಾಫಿ. ಇದು ಲೆಕ್ಕ ಬಲ್ಲವರು ಮಾಡಿದ ಕೆಲಸ. ನಮ್ಮ ತೊಗರಿಗೆ ಬೆಂಬಲ ಬೆಲೆ ಅಂತ 2024–25ರಲ್ಲಿ ಕ್ವಿಂಟಲ್‌ಗೆ 7,550 ರೂಪಾಯಿ ಇಟ್ಟಿದ್ದರಲ್ಲ, ಅದರ ಹಿಂದಿನ ಯೋಚನೆಯೂ ಇದೇ ಜಾತಿಯದು. ನಾನು ವ್ಯಾಪಾರಿ, ಬೆಂಬಲ ಬೆಲೆ ಬಂದರೆ ನನಗೆ ಲುಕ್ಸಾನು ಅಂತ ನೀವು ತಿಳಿದಿರಬಹುದು. ಹಾಗೇನಿಲ್ಲ. ರೈತ ಮುಳುಗಿದರೆ ನನ್ನ ಹಳೆ ಉದ್ರಿಯೂ ಅವನ ಜೊತೆ ಮುಳುಗುತ್ತದೆ.

ಬದು_ಕಾಯಕ

ಸಾವಕಾರ್ರೇ, ಆ ದುಡ್ಡು ಹೊಲದ ಒಡೆಯನಿಗೋ, ಉಳುವವನಿಗೋ? ನಾವು ನಾಲ್ಕು ಎಕರೆ ಲಾವಣಿ, ಅಂದರೆ ಗೇಣಿಗೆ, ಹಾಕಿಕೊಂಡಿದ್ದೇವೆ. ಪಹಣಿ ಒಡೆಯನ ಹೆಸರಲ್ಲಿ, ರೈತರ ನೋಂದಣಿಯ ಫ್ರೂಟ್ಸ್ ಐಡಿಯೂ ಅವರದೇ. ಖರೀದಿ ಕೇಂದ್ರಕ್ಕೆ ಹೋದರೆ ನನ್ನ ತೊಗರಿಗೆ ನಾನು ಯಾರೂ ಅಲ್ಲ.

ಹಳೆ_ಮಾಸ್ತರ

ತಮ್ಮಾ, ಸರಿಯಾದ ಜಾಗದಲ್ಲಿ ಬೆರಳಿಟ್ಟೆ. ಅಲ್ಲೂ ಇದೇ ಆಯಿತು. ಬೆಳೆ ಕಡಿಮೆ ಮಾಡಿದ್ದಕ್ಕೆ ಕೊಟ್ಟ ಹಣದಲ್ಲಿ ಪಾಲಿಗೆ ಉಳುವವನಿಗೂ ಹಂಚಬೇಕು ಅಂತಿತ್ತು. ಬಹಳ ಒಡೆಯರು ಹಂಚಲಿಲ್ಲ. ಹೊಲ ಬೀಳು ಬಿಟ್ಟ ಮೇಲೆ ಉಳುವವನು ಯಾಕೆ ಬೇಕು ಅಂತ ಎಷ್ಟೋ ಜನರನ್ನು ಹೊರಗೆ ಹಾಕಿದರು. ಅವರಲ್ಲಿ ಕಪ್ಪು ಜನ ಜಾಸ್ತಿ, ಬಡ ಬಿಳಿಯರೂ ಇದ್ದರು. 1934ರಲ್ಲಿ ಅರ್ಕಾನ್ಸಾದಲ್ಲಿ ಇಬ್ಬರೂ ಸೇರಿ ಗೇಣಿದಾರರ ಸಂಘ ಕಟ್ಟಿದರು. ಆ ಕಾಲಕ್ಕೆ, ಆ ಜಾಗದಲ್ಲಿ ಎರಡೂ ಬಣ್ಣದವರು ಒಂದೇ ಸಭೆಯಲ್ಲಿ ಕೂರುವುದು ಸಣ್ಣ ಮಾತಾಗಿರಲಿಲ್ಲ. ಪೆಟ್ಟು ತಿಂದರು. 1936ರಲ್ಲಿ ಆ ಕೃಷಿ ಕಾನೂನನ್ನೂ ಕೋರ್ಟು ತೆಗೆದುಹಾಕಿತು, ಬೇರೆ ರೂಪದಲ್ಲಿ ಮತ್ತೆ ತಂದರು.

ಅಂದ ಹಾಗೆ ನಿನ್ನ ಬದುವಿಗೂ ಅಲ್ಲಿ ಒಬ್ಬ ನೆಂಟ ಇದ್ದಾನೆ. ಹ್ಯೂ ಬೆನೆಟ್ ಅಂತ. ಅಮೆರಿಕದ ಬಯಲು ಸೀಮೆಯಲ್ಲಿ ಮಿತಿಮೀರಿ ಉತ್ತು, ಮಳೆ ಕೈಕೊಟ್ಟು, ಮಣ್ಣೇ ಗಾಳಿಗೆ ಎದ್ದು ಹೋಗುತ್ತಿತ್ತು. 1935ರ ಏಪ್ರಿಲ್ 14ರ ಭಾನುವಾರ ಹಗಲೇ ಕತ್ತಲಾಯಿತು. ಮಣ್ಣು ಉಳಿಸುವ ಕಾನೂನು ಬೇಕು ಅಂತ ಬೆನೆಟ್ ಆ ವಸಂತದಲ್ಲಿ ಸಂಸತ್ತಿನ ಸಮಿತಿ ಮುಂದೆ ಮಾತಾಡುತ್ತಿದ್ದ. ಪಶ್ಚಿಮದಿಂದ ಧೂಳಿನ ಮೋಡ ರಾಜಧಾನಿ ಕಡೆ ಬರುತ್ತಿದೆ ಅಂತ ಅವನಿಗೆ ಗೊತ್ತಿತ್ತಂತೆ, ಅದು ಬರುವ ತನಕ ಮಾತು ಎಳೆದನಂತೆ. ಕಿಟಕಿ ಕಪ್ಪಾದಾಗ, ನೋಡಿ ಸ್ವಾಮಿ ನಿಮ್ಮ ಹೊಲ ಬಂತು ಅನ್ನುವ ಹಾಗೆ ತೋರಿಸಿದ. ಅದೇ ತಿಂಗಳು ಕಾನೂನಾಯಿತು. ಇಳಿಜಾರಿಗೆ ಅಡ್ಡ ಉಳುವುದು, ಅಡ್ಡ ಬದು ಹಾಕುವುದು, ಎಲ್ಲ ಅವನು ಊರೂರಿಗೆ ತಿರುಗಿ ಹೇಳಿದ್ದು.

ಬಿದರಿ_ಅಕ್ಕ

ಸರ್, ಹೊರಗೆ ಉಳಿದವರ ಮಾತು ಬಂತಲ್ಲ, ನಮ್ಮ ಹೆಂಗಸರನ್ನೂ ಸೇರಿಸಿ. 1935ರ ಆಗಸ್ಟ್ 14ಕ್ಕೆ ಸಾಮಾಜಿಕ ಭದ್ರತೆಯ ಕಾಯ್ದೆ ಬಂತು. ಮುಪ್ಪಿನ ಪಿಂಚಣಿ, ಕೆಲಸ ಹೋದರೆ ಭತ್ಯೆ. ಅದರ ಹಿಂದೆ ಓಡಾಡಿದ್ದು ಫ್ರಾನ್ಸಿಸ್ ಪರ್ಕಿನ್ಸ್, ಅಮೆರಿಕದ ಮಂತ್ರಿಮಂಡಲದ ಮೊದಲ ಹೆಂಗಸು. ಆದರೂ ಹೊಲದ ಕೂಲಿಯವರು, ಮನೆಗೆಲಸದವರು ಇಬ್ಬರೂ ಅದರ ಹೊರಗೆ. ಕಪ್ಪು ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಮಾಡುತ್ತಿದ್ದದ್ದು ಈ ಎರಡೇ ಕೆಲಸ. ಒಳಗೆ ಸೇರಿಸಲು 1950 ಬರಬೇಕಾಯಿತು. ನಾನು ಅಂಗನವಾಡಿಯವಳು. ನನಗೆ ಸಿಗುವುದರ ಹೆಸರು ಪಗಾರ ಅಲ್ಲ, ಗೌರವಧನ. ಹೆಸರಿನಲ್ಲೇ ಹೊರಗೆ ಇಡುವ ಕಲೆ ಎಲ್ಲ ಸರ್ಕಾರಕ್ಕೂ ಗೊತ್ತಿದೆ.

ಇನ್ನೊಂದು ಕೇಳಬೇಕಿತ್ತು. ಬ್ಯಾಂಕಿನ ಬಗ್ಗೆ ಅವರು ಏನೋ ಮಾಡಿದರಂತಲ್ಲ? ನನ್ನ ಮಗಳ ಮದುವೆಗೆ ಇಟ್ಟಿದ್ದ ಠೇವಣಿ ಇಲ್ಲಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಮುಳುಗಿದೆ. ಬಾಗಿಲು ಹಾಕಿ ಎರಡು ವರ್ಷ.

ಲೈಬ್ರರಿ_ಹುಡುಗ

ಅಕ್ಕಾ, ಕೇಳಿ ಬೇಜಾರಾಯಿತು. 1930ರಿಂದ 33ರ ಒಳಗೆ ಅಲ್ಲಿ ಒಂಬತ್ತು ಸಾವಿರ ಬ್ಯಾಂಕು ಮುಳುಗಿದವು. ರೂಸ್ವೆಲ್ಟ್ ಬಂದ ಎರಡೇ ದಿನಕ್ಕೆ, ಮಾರ್ಚ್ 6ರಂದು, ಇಡೀ ದೇಶದ ಬ್ಯಾಂಕಿಗೆ ರಜೆ ಘೋಷಿಸಿದರು. ಲೆಕ್ಕ ನೋಡಿ, ಗಟ್ಟಿ ಇದ್ದವನ್ನು ಮಾತ್ರ ತೆರೆಯುತ್ತೇವೆ ಅಂದರು. 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ, ಬ್ಯಾಂಕು ನಿಮ್ಮ ರೊಕ್ಕ ಏನು ಮಾಡುತ್ತದೆ ಅಂತ ಮನೆ ಮಂದಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಸೋಮವಾರ ಬಾಗಿಲು ತೆರೆದಾಗ ಜನ ತೆಗೆಯಲು ಬರಲಿಲ್ಲ, ವಾಪಸ್ ಇಡಲು ಸಾಲು ನಿಂತರು. ಆಮೇಲೆ ಠೇವಣಿಗೆ ವಿಮೆ ತಂದರು. 1934ರ ಜನವರಿ 1ರಿಂದ 2,500 ಡಾಲರ್ ತನಕ.

ನಮ್ಮಲ್ಲಿ ಅದು 1962ರಲ್ಲಿ ಬಂತು, ಆಗ 1,500 ರೂಪಾಯಿ. 2020ರ ಫೆಬ್ರವರಿಯಿಂದ ಐದು ಲಕ್ಷ. ಆದರೆ ಅಕ್ಕಾ, ಅದು ಬ್ಯಾಂಕಿಗೆ ಮಾತ್ರ. ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಂಘಕ್ಕೆ ಇಲ್ಲ.

ಬಿದರಿ_ಅಕ್ಕ

ಬೋರ್ಡಿನ ಮೇಲೆ ಅಕ್ಷರ ಒಂದೇ ಥರ ಇರುತ್ತವಪ್ಪಾ. ಒಳಗಿನ ಕುರ್ಚಿ, ಗಾಜಿನ ಕಿಟಕಿ, ಪಾಸ್‌ಬುಕ್ಕು, ಎಲ್ಲ ಬ್ಯಾಂಕಿನ ಹಾಗೇ ಇತ್ತು.

ಗಂಜ್_ಅಡತಿ

ತಂಗೀ, ಸಹಕಾರ ಸಂಘಗಳ ಉಪ ನಿಬಂಧಕರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೀಯಾ? ಒಬ್ಬಳೇ ಹೋಗಬೇಡ, ಠೇವಣಿದಾರರು ಹತ್ತು ಜನ ಸೇರಿ ಹೋಗಿ. ಬಾಯಿ ಮಾತಿಗೆ ಅಲ್ಲಿ ತೂಕ ಇಲ್ಲ.

ಬದು_ಕಾಯಕ

ಇವತ್ತು ಊಟದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಇದನ್ನೆಲ್ಲ ನಮ್ಮ ಹೆಂಗಸರಿಗೆ ಹೇಳಿದೆ. ಹೇಸರಗತ್ತೆ ಮೇಲೆ ಪುಸ್ತಕ ಅಂದಾಗ ಬಿದ್ದು ಬಿದ್ದು ನಕ್ಕರು. ಫೋಟೋದಲ್ಲಿದ್ದ ಒಬ್ಬಾಕೆ, ವಯಸ್ಸು ಅರವತ್ತರ ಹತ್ತಿರ, ನಗಲಿಲ್ಲ. ‘ಅವರಿಗೆ ಪಗಾರ ಎಷ್ಟು ದಿನಕ್ಕೆ ಬರುತ್ತಿತ್ತು?’ ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ನಮ್ಮದು ಗೊತ್ತಲ್ಲ. 2024ರ ಬೇಸಿಗೆಯಲ್ಲಿ ದಿನಕ್ಕೆ 349 ರೂಪಾಯಿ ದರ. 15 ದಿನದಲ್ಲಿ ಖಾತೆಗೆ ಬರಬೇಕು ಅಂತ ಕಾಯ್ದೆಯಲ್ಲಿತ್ತು. ತಡವಾದರೆ ಹದಿನಾರನೇ ದಿನದಿಂದ ದಿನಕ್ಕೆ 0.05 ಪ್ರತಿಶತ ಪರಿಹಾರ. ಹನ್ನೆರಡು ದಿನದ ಕೂಲಿ 4,188. ಅದರ ಮೇಲೆ ದಿನಕ್ಕೆ ಎರಡು ರೂಪಾಯಿ ಒಂಬತ್ತು ಪೈಸೆ. ಅರ್ಧ ಕಪ್ ಚಹಾ ಕೂಡ ಬರುವುದಿಲ್ಲ. ಆ ಸಲ ಈಕೆಯ ರೊಕ್ಕ ಬಂದದ್ದು ಎರಡೂವರೆ ತಿಂಗಳಿಗೆ. ಅಷ್ಟರಲ್ಲಿ ಬಿತ್ತನೆ ಬೀಜಕ್ಕೆ ಅಂತ ನೂರಕ್ಕೆ ಐದರ ಬಡ್ಡಿಗೆ ತಂದಿದ್ದಳು. ತಿಂಗಳಿಗೆ ಐದು.

ಲೈಬ್ರರಿ_ಹುಡುಗ

ಅಣ್ಣಾ, ಆಕೆಯ ಪ್ರಶ್ನೆಗೆ ಉತ್ತರ ಹುಡುಕಿದೆ. ಡಬ್ಲ್ಯುಪಿಎಗೂ ಮೊದಲು, 1933ರ ಚಳಿಗಾಲಕ್ಕೆ ಅಂತಲೇ ಸಿಡಬ್ಲ್ಯುಎ ಅಂತ ಒಂದು ಮಾಡಿದ್ದರು. ನವೆಂಬರ್ 9ಕ್ಕೆ ಆದೇಶ ಆಯಿತು. ಎರಡು ವಾರ ತುಂಬುವಷ್ಟರಲ್ಲಿ ಎಂಟು ಲಕ್ಷದಷ್ಟು ಜನ ಪಗಾರದ ಪಟ್ಟಿಯಲ್ಲಿದ್ದರು. ಅಷ್ಟು ಚೆಕ್ಕು ಬರೆದು ಕಳಿಸಲು ಹೊಸ ಕಚೇರಿ ಕಟ್ಟುತ್ತಾ ಕೂರಲಿಲ್ಲ. ಮಾಜಿ ಸೈನಿಕರಿಗೆ ಪಿಂಚಣಿ ಕಳಿಸುತ್ತಿದ್ದ ಇಲಾಖೆಯ ವ್ಯವಸ್ಥೆಯನ್ನೇ ಬಳಸಿಕೊಂಡರು. ಜನವರಿಗೆ 40 ಲಕ್ಷ ಮೀರಿತು. ಕಂಪ್ಯೂಟರ್ ಇಲ್ಲ, ಆಧಾರ್ ಇಲ್ಲ, ಬೆಳಿಗ್ಗೆ ಸಂಜೆ ಫೋಟೋ ಹಾಜರಿ ಇಲ್ಲ. ಖರ್ಚು ಜಾಸ್ತಿ, ಜನ ಇದಕ್ಕೇ ಅಂಟಿಕೊಳ್ಳುತ್ತಾರೆ ಅಂತ ಹೆದರಿ ಮಾರ್ಚ್ ಕೊನೆಗೆ ಮುಚ್ಚಿದರು. ಅದು ಬೇರೆ ಕಥೆ.

ಗಂಜ್_ಅಡತಿ

ಇದಕ್ಕೆ ನಾನು ಎದುರು ಮಾತಾಡುವುದಿಲ್ಲ. ಗಂಜ್‌ನಲ್ಲಿ ನಾವು ಹಮಾಲರಿಗೆ ಸಂಜೆಯೇ ಕೊಟ್ಟು ಕಳಿಸುತ್ತೇವೆ. ಉದ್ರಿ ಇಟ್ಟರೆ ಮರುದಿನ ಚೀಲ ಎತ್ತುವವರು ಸಿಗುವುದಿಲ್ಲ.

ಗುಳೆ_ಪುಣೆ

ನಾನು ಪುಣೆಗೆ ಬಂದದ್ದು ಇದಕ್ಕೇ ಸಾವಕಾರ್ರೇ. ಇಲ್ಲಿ ಶನಿವಾರ ಶನಿವಾರ ರೊಕ್ಕ ಕೈಗೆ ಬರುತ್ತದೆ. ಊರಲ್ಲಿ ಕೆಲಸ ಇಲ್ಲ ಅಂತಲ್ಲ.

ಬದು_ಕಾಯಕ

ಆಕೆಗೆ ಹೇಳಿದೆ, ಎರಡು ವಾರ ಅಂತೆ ಅಂತ. ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ‘ಆ ಆಫೀಸು ಈಗ ಎಲ್ಲಿದೆ?’ ಅಂದಳು. ಎಲ್ಲರೂ ನಕ್ಕರು, ಈ ಸಲ ಆಕೆಯೂ. ನಾಳೆ ಆರಕ್ಕೆ ಹಾಜರಿ ಇದೆ, ಮಲಗುತ್ತೇನೆ. ಅಕ್ಕಾ, ಅರ್ಜಿ ಬರೆಯಲು ಬೇಕಿದ್ದರೆ ಹೇಳಿ, ನಮ್ಮ ಪಂಚಾಯಿತಿಗೆ ಬರೆದೂ ಬರೆದೂ ಕೈ ಕುದುರಿದೆ.